ಕಂಬದ ಒಳಗೋ, ಹೊರಗೋ

ಚೆಂಡು ಬಂದು ಬಿದ್ದ ರಭಸಕ್ಕೆ ಹುರುಳಿಕಾಯಿ ಸಾಲಿನ ಕಡ್ಡಿಗಳು ಬಳ್ಳಿಯ ಸಮೇತ ಮಲಗಿಬಿಟ್ಟವು. ಕಾಯಿ ಬಿಡಿಸುತ್ತಿದ್ದ ಮುನಿಕೃಷ್ಣಮ್ಮ ಎದ್ದು ನಿಂತಳು. ಚೆಂಡನ್ನು ಎತ್ತಿ, ಬಿಂದಿಗೆ ಹೊತ್ತವಳಂತೆ ಸೊಂಟಕ್ಕೆ ಏರಿಸಿಕೊಂಡು ಬೇಲಿಯ ಕಡೆ ತಿರುಗಿದಳು. ಯಾರು ಬರುತ್ತಾರೋ ಬರಲಿ ಎಂದು ಕಾದಳು.

ಬಂದವನು ಬೇಲಿಗಿಂತ ಎತ್ತರವಾಗಿದ್ದ. ಮೊಣಕಾಲು, ಮೊಣಕೈ ಎಲ್ಲ ಕೆಮ್ಮಣ್ಣು.

"ಚೆಂಡು ಕೊಡಮ್ಮಿ."

"ಗಿಡ ಮುರಿದದೆ. ಅದನ್ನ ಯಾರು ಕೊಡ್ತಾರೆ?"

"ನಾನು ಗೋಲ್ ಕಾಯೋನು. ಹೊಡೆದೋನು ಅಲ್ಲಿ ನಿಂತವ್ನೆ ನೋಡು, ಅವನನ್ನ ಕೇಳು."

"ಕಾಯೋರು ನೆಟ್ಟಗೆ ಕಾದಿದ್ರೆ ಇದು ನಮ್ಮ ತೋಟಕ್ಕೆ ಯಾಕೆ ಬರ್ತಿತ್ತು?"

ಅವನ ಕಿವಿ ಕೆಂಪಗಾಯಿತು. ಅಷ್ಟು ಎತ್ತರದ ಗಂಡಸಿನ ಕಿವಿ ಹಾಗೆ ಕೆಂಪಾಗುವುದನ್ನು ಅವಳು ಅದೇ ಮೊದಲು ನೋಡಿದ್ದು. ನಗು ತಡೆಯಲಾರದೆ ಚೆಂಡನ್ನು ಎಸೆದುಬಿಟ್ಟಳು.

ಅದು ಐವತ್ತೆಂಟನೇ ಇಸವಿಯ ಸುಮಾರು. ಹೆಬ್ಬಾಳದ ಕೆರೆ ಏರಿ ದಾಟಿದರೆ ಜಕ್ಕೂರಿನವರೆಗೆ ಬರೀ ಹೊಲ, ತೋಟ. ನಡುವೆ ಒಂದು ದಿಬ್ಬದ ಮೇಲೆ ಪಾದ್ರಿಗಳ ಕಾಲೇಜು, ಅದರ ಪಕ್ಕಕ್ಕೆ ಆಟದ ಬಯಲು, ಬಯಲಿಗೆ ಒತ್ತಿಕೊಂಡು ಮುನಿಕೃಷ್ಣಮ್ಮನ ಅಪ್ಪನ ತೋಟ. ಗೋಲಿನ ಎರಡು ಕಂಬಗಳು ಬೇಲಿಗೆ ಬೆನ್ನು ಕೊಟ್ಟು ನಿಂತಿದ್ದವು. ಹಿಂದಕ್ಕೆ ಕಟ್ಟಿದ್ದ ಬಲೆ ಯಾವತ್ತೋ ಹರಿದು ಹೋಗಿತ್ತು. ಹೊಸದು ಬರುತ್ತದೆ ಅಂತ ಹೇಳುತ್ತಲೇ ಇದ್ದರು. ಆದ್ದರಿಂದ ಗೋಲಾದ ಚೆಂಡೂ ತೋಟಕ್ಕೆ ಬರುತ್ತಿತ್ತು, ಗೋಲಾಗದ ಚೆಂಡೂ ತೋಟಕ್ಕೇ ಬರುತ್ತಿತ್ತು.

ಆ ಭಾನುವಾರ ಅವನೇ ಬಂದು, ಬಿದ್ದ ಕಡ್ಡಿಗಳನ್ನೆಲ್ಲ ಮತ್ತೆ ಊರಿ, ಬಳ್ಳಿಯನ್ನು ಬಾಳೆನಾರಿನಲ್ಲಿ ಕಟ್ಟಿಕೊಟ್ಟ. ಕಟ್ಟುವ ಕೈ ನೋಡಿದರೆ ಸಾಕು, ಬೇಸಾಯದ ಮನೆಯವನೆಂದು ತಿಳಿಯುತ್ತಿತ್ತು. ಯಲಹಂಕದ ಕಡೆಯವನು, ಹೆಸರು ಚಿಕ್ಕಬೈರಪ್ಪ, ಕಾಲೇಜಿನ ಹಾಸ್ಟೆಲಿನಲ್ಲಿದ್ದಾನೆ ಎಂಬುದನ್ನೆಲ್ಲ ಮುನಿಕೃಷ್ಣಮ್ಮನ ಅಜ್ಜಿ ಸೊಣ್ಣಮ್ಮ ಒಂದು ಲೋಟ ಮಜ್ಜಿಗೆ ಕೊಟ್ಟು ಕೇಳಿ ತಿಳಿದುಕೊಂಡಳು. ಆಮೇಲೆ ಚೆಂಡು ಬೀಳದ ದಿನವೂ ಅವನಿಗೆ ಬಾಯಾರಿಕೆಯಾಗತೊಡಗಿತು.

"ಪಾದ್ರಿ ಕಾಲೇಜಲ್ಲಿ ನೀರಿನ ಬಾವಿ ಬತ್ತೋಯ್ತೇನಪ್ಪ?" ಅನ್ನುವಳು ಅಜ್ಜಿ.

"ಅದರ ನೀರು ಒಗರಜ್ಜಿ."

"ನಮ್ ಕಿಟ್ಟಮ್ಮ ಸೇದಿದ್ದು ಸಿಹಿಯೇನೋ?"

ಮುನಿಕೃಷ್ಣಮ್ಮ ಮನೆಯವರಿಗೆ ಕಿಟ್ಟಮ್ಮ. ಅಜ್ಜಿ ಹೀಗಂದಾಗ ಕಿಟ್ಟಮ್ಮ ಹುರುಳಿಕಾಯಿ ಬುಟ್ಟಿಯೊಳಕ್ಕೆ ಮುಖ ಹುದುಗಿಸಿ ಏನೋ ಹುಡುಕುವಳು. ಅವನು ಲೋಟದ ಅಂಚಿನ ಮೇಲಿಂದ ನೋಡುವನು. ನೀರು ಮುಗಿದಿರುತ್ತಿತ್ತು, ಲೋಟ ಬಾಯಿಂದ ಇಳಿಯುತ್ತಿರಲಿಲ್ಲ.

ಕುಲ ಒಂದೇ ಎಂದು ತಿಳಿದ ಮೇಲೆ ದೊಡ್ಡವರಲ್ಲಿ ಮಾತು ಓಡಾಡಿತು. ಅವರೆಕಾಯಿ ಕಾಲ ಮುಗಿಯಲಿ, ಹೆಣ್ಣು ನೋಡುವುದಕ್ಕೆ ಬರುತ್ತೇವೆ ಎಂದು ಅವನ ಮನೆಯವರು ಹೇಳಿ ಕಳಿಸಿದ್ದರು.

ಆ ಕಾಲೇಜಿನಲ್ಲಿ ಮ್ಯಾಚಿಗೆ ಮುಂಚೆ ಪ್ರಾರ್ಥನೆ ಆಗಬೇಕು. ಪ್ರಿನ್ಸಿಪಾಲರಾದ ಫಾದರ್ ಇನ್ನಾಸಪ್ಪ ಬಯಲಿನ ನಡುವೆ ಕಣ್ಣು ಮುಚ್ಚಿ ನಿಲ್ಲುವರು; ಸುತ್ತ ಹಗ್ಗದಾಚೆ ಹುಡುಗರೆಲ್ಲ ಕೈ ಜೋಡಿಸಿ ತಲೆ ಬಗ್ಗಿಸುವರು. ನೋಡುವುದಕ್ಕೆ ಎರಡು ಕಣ್ಣು ಸಾಲದು. ಆಮೆನ್ ಅಂದ ಬಾಯಿ ಮುಚ್ಚುವಷ್ಟರಲ್ಲಿ ಬೈಗುಳ ಶುರು. ಎದುರು ಟೀಮಿನವನು ಬಿದ್ದರೆ ಕೇಕೆ. ಎದ್ದರೆ ಕುಂಟನ ಹಾಗೆ ನಡೆದು ತೋರಿಸುವುದು. ಅವರಮ್ಮ, ಅವರಕ್ಕ ಯಾರನ್ನೂ ಬಿಡುತ್ತಿರಲಿಲ್ಲ. ಒಬ್ಬೊಬ್ಬರೇ ಸಿಕ್ಕಿದರೆ ಅಜ್ಜಿಗೆ ಹುಲ್ಲಿನ ಹೊರೆ ಎತ್ತಿಕೊಡುವ ಒಳ್ಳೆಯ ಹುಡುಗರೇ. ಹಗ್ಗದ ಹಿಂದೆ ಒಟ್ಟಾದರೆ ಯಾರ ಬಾಯಿ ಯಾರದೋ ಆಗಿಬಿಡುತ್ತಿತ್ತು.

"ಎರಡು ಕಡೆಯೋರೂ ಬೇಡ್ಕೊಂಡಿರ್ತಾರೆ ಕಣ್ರಪ್ಪ, ದೇವರು ಪಾಪ ಏನ್ ಮಾಡ್ಬೇಕು?" ಎನ್ನುವರು ಫಾದರ್. ಹುಡುಗರು ನಗುವರು. ಮತ್ತೆ ಕೂಗುವರು.

ಕಪ್ಪಿಗಾಗಿ ಕೊನೆಯ ಮ್ಯಾಚು ಯಶವಂತಪುರದ ಹುಡುಗರ ಜೊತೆ ಬಿತ್ತು. ಅವರಲ್ಲಿ ಗಯಾಸ್ ಎಂಬ ಸಣಕಲು ಹುಡುಗ ಮುಂದೆ ನಿಂತು ಆಡುವವನು. ಕಾಲಿಗೆ ಚೆಂಡು ಸಿಕ್ಕಿದರೆ ಗಾಳಿಯ ಹಾಗೆ. ಪಾದ್ರಿ ಕಾಲೇಜಿನವರು ಒಂದು ಗೋಲು ಹೊಡೆದು ಮುಂದಿದ್ದರು. ಹೊತ್ತು ಇಳಿದಿತ್ತು. ಇನ್ನೇನು ಸೀಟಿ ಊದಬೇಕು, ಆಗ ಗಯಾಸ್ ಇಬ್ಬರನ್ನು ದಾಟಿ ಬಂದ. ಧೂಳು ಎದ್ದಿತು. ಚಿಕ್ಕಬೈರಪ್ಪ ಉದ್ದಕ್ಕೆ ಹಾರಿ ಬಿದ್ದ. ಚೆಂಡು ಅವನ ಬೆರಳ ತುದಿ ಸವರಿಕೊಂಡು, ಕಂಬದ ಒಳಮೈಗೆ ಒರೆಸಿಕೊಂಡು, ಬೇಲಿ ನುಸುಳಿ ಬಂದು ಕಿಟ್ಟಮ್ಮನ ಪಾದದ ಹತ್ತಿರ ನಿಂತಿತು.

"ಗೋಲ್!" ಎಂದು ಯಶವಂತಪುರದವರು ಕುಣಿದರು. "ಹೊರಗೆ! ಹೊರಗೆ!" ಎಂದು ಹಗ್ಗದಾಚೆಯ ನೂರಾರು ಬಾಯಿ ಕೂಗಿದವು. ರೆಫರಿ ಹಿಂದೆ ಉಳಿದುಬಿಟ್ಟಿದ್ದ. ಏದುಸಿರು ಬಿಡುತ್ತ ಓಡಿ ಬಂದ.

"ಏನಪ್ಪ ಕೀಪರ್, ಒಳಗೋ ಹೊರಗೋ?"

ಚಿಕ್ಕಬೈರಪ್ಪ ಮುಖ ಒರೆಸಿಕೊಂಡ. "ಧೂಳಿತ್ತು ಸಾರ್" ಅಂದ.

ರೆಫರಿ ಬೇಲಿಯ ತನಕ ಬಂದ. "ಅಮ್ಮ, ನೀನು ಇಲ್ಲೇ ಇದ್ದೆಯಲ್ಲ. ನೀನು ನೋಡಿದ್ದನ್ನ ಹೇಳು."

ಇಡೀ ಬಯಲು ಅವಳ ಕಡೆ ತಿರುಗಿತು. ಅವಳು ನೋಡಿದ್ದು ಮಾತ್ರ ಒಂದೇ ಮುಖ. ನೆಲದ ಮೇಲೆ ಇನ್ನೂ ಮಂಡಿಯೂರಿದ್ದವನ ಮುಖ. ಗೋಲ್ ಬಿಟ್ಟ ಕೀಪರನ್ನು ಆ ಹುಡುಗರು ಏನು ಮಾಡುತ್ತಾರೆಂದು ಅವಳಿಗೆ ಗೊತ್ತಿತ್ತು.

"ಹೊರಗೆ ಹೋಯ್ತು ಸಾಮಿ" ಅಂದಳು.

"ಅಕ್ಕಾ!" ಗಯಾಸನ ದನಿ ಒಡೆದುಹೋಯಿತು. "ನಿಮ್ಮ ಕಾಲ ಹತ್ರಾನೇ ಬಂತಲ್ಲ ಅಕ್ಕಾ, ಕಣ್ಣಾರೆ ನೋಡಿದ್ದೀರಿ!"

ಅವಳು ತಲೆ ತಗ್ಗಿಸಿದಳು. ರೆಫರಿ ಕೊನೆಯ ಸೀಟಿ ಊದಿದ. ಅಲ್ಲಿಗೆ ಮುಗಿದಿದ್ದರೂ ಆಗಿತ್ತು. ಮುಗಿಯಲಿಲ್ಲ. "ಕಳ್ಳ! ಸುಳ್ಳ!" ಎಂದು ಗೆದ್ದ ಹುಡುಗರೇ ಹಗ್ಗ ದಾಟಿ ಬಂದರು. ಸೋತವನ ಮೇಲೆ ಸಗಣಿ ಬಿತ್ತು, ಮಣ್ಣಿನ ಹೆಂಟೆ ಬಿತ್ತು. ಫಾದರ್ ಇನ್ನಾಸಪ್ಪ ಬೇಡ ಬೇಡ ಎಂದು ಕೈಯೆತ್ತಿಕೊಂಡು ಅಡ್ಡ ಬರುವಷ್ಟರಲ್ಲಿ ಒಂದು ಹೆಂಟೆ ಗಯಾಸನ ಹುಬ್ಬು ಸೀಳಿತ್ತು. ಅವನು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ತಾವು ಬಂದಿದ್ದ ಲಾರಿ ಹತ್ತಿದ್ದನ್ನು ಕಿಟ್ಟಮ್ಮ ನೋಡಿದಳು. ಬೆರಳ ಸಂದಿಯಲ್ಲಿ ರಕ್ತ ಇಳಿಯುತ್ತಿತ್ತು.

ಅವತ್ತಿನಿಂದ ಚಿಕ್ಕಬೈರಪ್ಪನಿಗೆ ಬಾಯಾರಿಕೆ ನಿಂತುಹೋಯಿತು.

ಒಂದು ದಿನ, ಎರಡು ದಿನ ನೋಡಿದಳು. ನಾಚಿಕೆಯಿರಬೇಕು ಅಂದುಕೊಂಡಳು. ಅವರೆಕಾಯಿ ಮುಗಿಯುತ್ತ ಬಂತು. ಕಡೆಗೆ ಸುದ್ದಿ ತಂದವಳು ಅಜ್ಜಿಯೇ.

"ಈ ವರ್ಸ ಬ್ಯಾಡ ಅಂದವ್ನಂತೆ ಕಣೆ. ಅವ್ರಮ್ಮ ಯೋಳಿ ಕಳಿಸವ್ಳೆ. ಏನಾಯ್ತೇ ನಿಮ್ಮಿಬ್ರಿಗೆ?"

ಕಿಟ್ಟಮ್ಮ ಉಣ್ಣುತ್ತಿದ್ದ ತಟ್ಟೆಯನ್ನು ಮುಂದಕ್ಕೆ ತಳ್ಳಿ ಎದ್ದಳು. ಮಾರನೆಯ ಸಂಜೆ ಅವನು ಒಬ್ಬನೇ ಕಂಬದ ಹತ್ತಿರ ಕೂತಿದ್ದಾಗ ಬೇಲಿಯ ಬಳಿ ಹೋಗಿ ನಿಂತಳು. ಜಕ್ಕೂರಿನ ಕಡೆಯಿಂದ ಸಣ್ಣ ವಿಮಾನವೊಂದು ಗುಂಯ್‌ಗುಟ್ಟುತ್ತ ತಲೆಯ ಮೇಲೆ ಹಾದುಹೋಯಿತು.

"ನನ್ನ ಮುಖ ನೋಡೋಕೂ ಆಗಲ್ವೇನು ನಿಮಗೆ?"

"ಆ ಹುಡುಗನ ಹುಬ್ಬಿಗೆ ಹೊಲಿಗೆ ಹಾಕವ್ರೆ" ಅಂದ ಅವನು. "ಅದು ಗೋಲು ಕಣೆ."

"ನಂಗೊತ್ತು."

"ಗೊತ್ತಿದ್ದೂ ಯಾಕೆ ಹಂಗಂದೆ?"

"ಯಾರಿಗೋಸ್ಕರ ಅಂದೆ ಅಂತ ಕೇಳಿ."

"ಅದೇ ನಂಗೆ ಭಯ. ನನಗೋಸ್ಕರ ಅಂತ ಅಷ್ಟು ಸಲೀಸಾಗಿ ಹೇಳ್ಬಿಟ್ಯಲ್ಲ. ನಾಳೆ ನನ್ನ ಮುಂದೇನೂ ಹಂಗೇ ಅಂದ್ರೆ, ಯಾವುದನ್ನ ನಂಬ್ಲಿ ನಾನು?"

ಅವಳ ಕಣ್ಣು ತುಂಬಿತು. ಆದರೆ ಅಳು ಬರಲಿಲ್ಲ, ಸಿಟ್ಟು ಬಂತು. ಬೇಲಿಯ ಗೂಟವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಾನು ಸುಳ್ಳಾಡ್ದೆ. ಒಪ್ಕೊಂಡೆ. ರೆಫರಿ ನನ್ನ ಕೇಳೋಕೆ ಮುಂಚೆ ಯಾರನ್ನ ಕೇಳ್ದ? ನಿಮ್ಮನ್ನ. ಬೆರಳಿಗೆ ತಗುಲಿಕೊಂಡೇ ಹೋಯ್ತಲ್ಲ ಚೆಂಡು? ಧೂಳಿತ್ತು ಅಂದ್ರಿ. ನಾನು ಬಾಯಿ ಬಿಟ್ಟು ಆಡಿದ ಸುಳ್ಳನ್ನ ನೀವು ಮುಖ ಒರೆಸ್ಕೊಂಡು ಆಡಿದ್ರಿ. ಈಗ ನನ್ನ ಒಬ್ಬಳನ್ನೇ ಬಿಟ್ಟು ನೀವು ಮಡಿಯಾಗಿ ಹೋಗ್ತೀರಾ?"

ಅವನು ಕೂತಲ್ಲೇ ಇದ್ದ. ಮಣ್ಣಿನಲ್ಲಿ ಬೆರಳಾಡಿಸುತ್ತಿದ್ದುದು ನಿಂತಿತು. "ನಿಜ ಕಣೆ" ಅಂದ. "ನಿನ್ನ ನೋಡಿದ್ರೆ ನಂದೇ ನೆನಪಾಗ್ತದೆ. ಅದಕ್ಕೇ ಬರ್ಲಿಲ್ಲ."

ಅವಳಿಗೆ ಇನ್ನೂ ಏನೇನೋ ಅನ್ನಬೇಕೆಂದಿತ್ತು. ಅವನು ಅಷ್ಟು ಬೇಗ ಒಪ್ಪಿಕೊಂಡದ್ದರಿಂದ ಮಾತೆಲ್ಲ ಒಳಗೇ ಉಳಿಯಿತು. ಅವನನ್ನು ಅವತ್ತು ಇಷ್ಟಪಟ್ಟಷ್ಟು ಹಿಂದೆಂದೂ ಇಷ್ಟಪಟ್ಟಿರಲಿಲ್ಲ. ಅದನ್ನೂ ಹೇಳಲಿಲ್ಲ.

ಕಪ್ ಕೊಡುವ ದಿನ ಸೋತ ಟೀಮನ್ನೂ ಕರೆದು ಊಟ ಹಾಕುವುದು ಅಲ್ಲಿಯ ಪದ್ಧತಿ. ಯಶವಂತಪುರದವರು ಬರುವುದಿಲ್ಲವೆಂದೇ ಎಲ್ಲರೂ ಅಂದುಕೊಂಡಿದ್ದರು. ಬಂದರು. ಹುಬ್ಬಿನ ಮೇಲೆ ಪಟ್ಟಿ ಅಂಟಿಸಿಕೊಂಡು ಗಯಾಸನೂ ಬಂದ. ಪ್ರಾರ್ಥನೆ ಮುಗಿದದ್ದೇ ತಡ, ಹಗ್ಗದಾಚೆ "ಕಳ್ಳ ಬಂದ, ಕಪ್ ಜೋಪಾನ!" ಎಂದು ಯಾರೋ ಒಬ್ಬ ಕೂಗಿದ, ಹೋ ಎಂಬ ನಗೆ ಎದ್ದಿತು. ಗಯಾಸ್ ತಲೆ ಎತ್ತಿಕೊಂಡೇ ನಿಂತಿದ್ದ. ಬೇಲಿಯಾಚೆ ನಿಂತ ಕಿಟ್ಟಮ್ಮನ ಎದೆಗೆ ಆ ನಗೆ ಬಂದು ತಾಗಿತು.

ಫಾದರ್ ಇನ್ನಾಸಪ್ಪ ಕಪ್ಪನ್ನು ಚಿಕ್ಕಬೈರಪ್ಪನ ಕೈಗೆ ಕೊಡಹೋದರು. ಅವನು ಕೈ ಚಾಚಲಿಲ್ಲ.

"ಫಾದರ್, ಅದು ಗೋಲು. ನನ್ನ ಕೈಗೆ ತಗುಲಿ ಒಳಗೆ ಹೋಯ್ತು. ನಂಗೆ ಗೊತ್ತಿತ್ತು. ಹೇಳ್ಲಿಲ್ಲ."

ಮೊದಲು ನಗೆ ನಿಂತಿತು. ಆಮೇಲೆ ಗುಜುಗುಜು, ಆಮೇಲೆ ಬೈಗುಳ. "ಮನೆಹಾಳ!" "ಎಷ್ಟು ತಿಂದ್ಯೋ ಅವರ ಹತ್ರ?" ಇಷ್ಟು ದಿನ ಎದುರು ಟೀಮಿನವರಿಗೆ ಬೀಳುತ್ತಿದ್ದುದೆಲ್ಲ ಈಗ ತಮ್ಮವನ ಮೇಲೇ ಬಿತ್ತು. ಒಬ್ಬ ಹಗ್ಗದ ಮೇಲೆ ಬಾಗಿ ಕಿರುಚಿದ: "ಆ ತೋಟದ ಹುಡುಗಿ ಹೊರಗೆ ಅಂದ್ಲಲ್ಲೋ! ಅವಳೇನು ಸುಳ್ಳಿಯಾ ಹಂಗಾದ್ರೆ?"

ಚಿಕ್ಕಬೈರಪ್ಪ ತಟ್ಟನೆ ತಿರುಗಿದ. "ಅವಳ ಸುದ್ದಿ ಎತ್ತಬೇಡಿ. ಧೂಳಿತ್ತು, ಅವಳಿಗೆ ಕಾಣಿಸ್ಲಿಲ್ಲ."

ಕಿಟ್ಟಮ್ಮ ಅದನ್ನು ಕೇಳಿದಳು. ತನ್ನ ತಪ್ಪನ್ನು ಒಪ್ಪಿಕೊಂಡ ಬಾಯಲ್ಲೇ ಅವನು ಅವಳಿಗಾಗಿ ಸುಳ್ಳಾಡುತ್ತಿದ್ದಾನೆ. ಸುಮ್ಮನಿದ್ದರೆ ಅವಳ ಮರ್ಯಾದೆ ಉಳಿಯುತ್ತಿತ್ತು. ಅಜ್ಜಿ ಹಿಂದಿನಿಂದ ಸೆರಗು ಹಿಡಿದು, "ಬ್ಯಾಡ ಕಣೆ, ಊರೆಲ್ಲ ನೋಡ್ತದೆ" ಅಂದಳು. ಊರೆಲ್ಲ ನೋಡುತ್ತಿರುವಾಗಲೇ ಹೇಳಿದ್ದಲ್ಲವೇ ಅದನ್ನು? ಅವಳು ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡಳು, ಸೊಂಟಕ್ಕೆ ಸಿಕ್ಕಿಸಿದಳು, ಬೇಲಿ ದಾಟಿದಳು. ಆ ಬಯಲಿಗೆ ಹುಡುಗರೆಲ್ಲ ನೆರೆದಿದ್ದ ಹೊತ್ತಿನಲ್ಲಿ ಹೆಣ್ಣೊಬ್ಬಳು ಕಾಲಿಟ್ಟದ್ದು ಅದೇ ಮೊದಲು.

"ನಂಗೆ ಕಂಡಿತ್ತು" ಅಂದಳು. "ಚೆಂಡು ಒಳಗಿಂದ್ಲೇ ಬಂತು. ನಾನೇ ಸುಳ್ಳು ಹೇಳ್ದೆ." ಗಯಾಸನ ಕಡೆ ತಿರುಗಿ ಕೈ ಮುಗಿದಳು. "ಅಕ್ಕಾ ಅಂದ್ಯಲ್ಲಪ್ಪ ನೀನು. ಆವಾಗ್ಲೇ ಹೇಳ್ಬೇಕಿತ್ತು. ತಪ್ಪಾಯ್ತು."

ಗಯಾಸ್ ಪಟ್ಟಿಯ ಮೇಲೆ ಕೈಯಾಡಿಸಿದ. "ಇರ್ಲಿ ಬಿಡಿ ಅಕ್ಕ" ಅಂದ. ಆಮೇಲೆ ಚಿಕ್ಕಬೈರಪ್ಪನನ್ನು ನೋಡಿ, "ಇವರಿಗೆ ಮಾತ್ರ ಇನ್ನೊಂದು ಹೊಡೀಬೇಕು ನಾನು. ಇನ್ನೊಂದ್ಸಲ ಆಡ್ಸಿ ಫಾದರ್" ಅಂದ.

ಫಾದರ್ ಇನ್ನಾಸಪ್ಪ ಕಪ್ಪನ್ನು ನಿಲುವಂಗಿಯ ತೋಳಿನಲ್ಲಿ ಮುಚ್ಚಿಕೊಂಡರು. "ಆಡ್ಸೋಣಪ್ಪ. ಅವತ್ತು ಹಗ್ಗದ ಹಿಂದೆ ಒಬ್ಬರೂ ಇರಲ್ಲ. ನೀವು ಆಡಿ, ನಾನೊಬ್ಬ ನೋಡ್ತೀನಿ" ಅಂದರು.

ಹುಡುಗರಿಗೆ ಅದನ್ನು ಸಹಿಸಲಾಗಲಿಲ್ಲ. ಕೂಗು ಮತ್ತೆ ಎದ್ದಿತು; ಎಲ್ಲಿಂದಲೋ ಒಂದು ಹೆಂಟೆ ಬೀಸಿ ಬಂತು. ಚಿಕ್ಕಬೈರಪ್ಪ ಅವಳ ಮುಂದಕ್ಕೆ ಬಂದು ಬೆನ್ನು ಕೊಟ್ಟ. ಧಪ್ಪೆಂದಿತು. ಫಾದರ್ ಎಸೆದವನ ಕಡೆ ದಾಪುಗಾಲು ಹಾಕಿದರು. ಗಯಾಸ್ ಮತ್ತು ಅವನ ಗೆಳೆಯರು ಬಂದು ಇವರಿಬ್ಬರ ಸುತ್ತ ನಿಂತರು.

ಬೇಲಿಯ ತನಕ ಬಂದ ಮೇಲೆ ಅವಳು ಕೇಳಿದಳು: "ನೋವಾಯ್ತಾ?"

"ಇಲ್ಲ."

ಅವಳು ಅವನನ್ನೇ ನೋಡಿದಳು. ಕಣ್ಣು ತೆಗೆಯಲಿಲ್ಲ.

ಅವನ ಕಿವಿ ಕೆಂಪಗಾಯಿತು. "ಆಯ್ತು ಕಣೆ" ಅಂದ. "ಜೀವ ಹೋದಂಗಾಯ್ತು."

ಅವಳಿಗೆ ನಗುವೂ ಬಂತು, ಅಳುವೂ ಬಂತು. ಅಂಗಿಯ ಬೆನ್ನಿನ ಮಣ್ಣನ್ನು ಅಂಗೈಯಲ್ಲಿ ಮೆಲ್ಲಗೆ ಕೊಡವಿದಳು. ಅಜ್ಜಿ ಸೊಣ್ಣಮ್ಮ ಬೇಲಿಯಾಚೆ ನಿಂತು ನೋಡುತ್ತಿದ್ದರೂ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಅಜ್ಜೀ" ಎಂದ ಚಿಕ್ಕಬೈರಪ್ಪ, ಅವಳ ಕೈ ಬೆನ್ನ ಮೇಲಿರುವಾಗಲೇ, "ನಮ್ಮನೆಯೋರನ್ನ ಯಾವತ್ತು ಕರ್ಕೊಂಡು ಬರ್ಲಿ?"