ಹೆಸರು ಹೇಳದ ಎರಡು ಮನೆ

ಡೆನಿಸನಿಗೆ ನಗು ಬಂದರೆ ಮೊದಲು ಎಡಗಣ್ಣು ಸಣ್ಣದಾಗುತ್ತಿತ್ತು. ಅದನ್ನು ನೋಡುವ ಆಸೆಗೇ ಗ್ಲ್ಯಾಡಿಸ್ ಅವನನ್ನು ಕೆಣಕುತ್ತಿದ್ದಳು. ಅವಳು ಉಡುಪಿಯ ಕಾಲೇಜಿನಲ್ಲಿ ಫಿಲಾಸಫಿ ಲೆಕ್ಚರರ್. ಅವನು ಹೊಸ ಬೈಪಾಸ್ ರಸ್ತೆಯ ಇಂಜಿನಿಯರ್. ಇಬ್ಬರ ಮನೆಯೂ ಸಂತೆಕಟ್ಟೆಯ ಕಡೆಯೇ. ಈಸ್ಟರ್ ಕಳೆದ ಮೇಲೆ ಮದುವೆ.

ಆ ಭಾನುವಾರ ಕಾಪು ಲೈಟ್‌ಹೌಸಿನ ಬಂಡೆಯ ಮೇಲೆ ಕೂತಿದ್ದರು.

"ನಿಮಗೆ ಕಲ್ಲು, ಮಣ್ಣು ಮಾತ್ರ ಗೊತ್ತು. ಮನುಷ್ಯರು ಗೊತ್ತಿಲ್ಲ," ಎಂದಳು.

"ಹಾಗಾದರೆ ನೀನೇ ಹೇಳು ಮಾರಾಯ್ತಿ, ರಸ್ತೆ ಎಲ್ಲಿ ಹೋಗಬೇಕೆಂದು ಹೇಗೆ ತೀರ್ಮಾನ ಮಾಡುವುದು?"

"ಯಾರ ಮನೆ ಅಂತ ಗೊತ್ತಿಲ್ಲದೆ ಮಾಡಬೇಕು. ಆಗ ಮಾತ್ರ ನ್ಯಾಯ."

ಎಡಗಣ್ಣು ಸಣ್ಣದಾಯಿತು. "ಸರಿ, ಹೆಸರು ಹೇಳುವುದಿಲ್ಲ. ಒಂದು ತಿರುವಿನಲ್ಲಿ ಎರಡು ಮನೆ ಉಂಟು. ಒಂದು ಹೋಗಲೇಬೇಕು. ಒಂದರಲ್ಲಿ ಹನ್ನೆರಡು ಜನ, ಸಣ್ಣ ಮಕ್ಕಳೂ ಇದ್ದಾರೆ. ಇನ್ನೊಂದರಲ್ಲಿ ಇಬ್ಬರೇ."

"ಇದೆಂತ ಪ್ರಶ್ನೆ? ಇಬ್ಬರದ್ದು ಹೋಗಲಿ."

"ಪಾಪ ಅಲ್ವಾ?"

"ಪಾಪವೇ. ಆದರೂ ಅದೇ ಸರಿ."

ಅವನು ಅವಳ ಕೈ ಹಿಡಿದ. ಅಷ್ಟು ಮೆತ್ತಗೆ ಯಾವತ್ತೂ ಹಿಡಿದಿರಲಿಲ್ಲ. ಅವಳಿಗೆ ಹಿತವಾಯಿತು.

ಮುಂದಿನ ತಿಂಗಳು ಅವಳು ಕಾಲೇಜಿನಿಂದ ಬಂದಾಗ ತಾಯಿ ಬರ್ತಾಬಾಯಿ ಬಕೆಟ್ ಇಟ್ಟುಕೊಂಡು ಮನೆಯ ಗೋಡೆ ತಿಕ್ಕುತ್ತಿದ್ದಳು.

"ಯಾರೋ ಪೋಕರಿಗಳು ಕೆಂಪು ಪೇಂಟ್ ಬಳಿದು ಹೋಗಿದ್ದಾರೆ ಗ್ಲ್ಯಾಡಿ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ."

ರಸ್ತೆಗೆ ಹೋಗುವ ಮನೆಗಳಿಗೆ ಹಾಕುವ ಗುರುತು ಅದು. ಅಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿದ್ದವರು ತಾಯಿ, ಮಗಳು ಇಬ್ಬರೇ. ಬಂಡೆಯ ಮೇಲೆ ಕೂತಾಗ ಗ್ಲ್ಯಾಡಿಸ್‌ಗೆ ಅದು ಹೊಳೆದಿರಲೇ ಇಲ್ಲ.

ಸಂಜೆ ಡೆನಿಸ್ ಬಂದಾಗಲೂ ತಾಯಿ ತಿಕ್ಕುತ್ತಲೇ ಇದ್ದಳು. ಅವನು ಗ್ಲ್ಯಾಡಿಸ್ ಕಡೆ ತಿರುಗಿದ. "ನೀನೇ ಹೇಳಿದ್ದಲ್ವಾ, ಇಬ್ಬರದ್ದು ಹೋಗಲಿ ಅಂತ?"

ಹೇಳಿದ್ದಳು. ಅತ್ತಳೇ ಹೊರತು ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. "ಹನ್ನೆರಡು ಜನ ಬೀದಿಗೆ ಬೀಳಬಾರದು. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ." ಆ ಗಳಿಗೆಯಲ್ಲೂ ಅವಳಿಗೆ ಅವನ ಮೇಲೆ ಪ್ರೀತಿಯೇ ಇತ್ತು.

ಅವನಿಗೆ ಹೋದ ಜೀವ ಬಂತು. "ಮದುವೆಯಾದ ಮೇಲೆ ನಿನ್ನ ಅಮ್ಮನನ್ನೂ ಕರೆದುಕೊಂಡು ಬಾ. ಹೇಗೂ ನಮ್ಮ ಮನೆ ಉಳಿಯಿತಲ್ಲ, ಕೋಣೆಗಳೆಲ್ಲ ಖಾಲಿ. ಅಣ್ಣಂದಿರು ಸಂಸಾರ ಸಮೇತ ಕುವೈತ್‌ನಿಂದ ಬಂದರೆ ಮಾತ್ರ ಹನ್ನೆರಡು ಜನ, ಅದೂ ಕ್ರಿಸ್ಮಸ್‌ಗೆ."

ಅವಳು ಅವನ ಮುಖವನ್ನೇ ನೋಡಿದಳು. "ಉಳಿದ ದಿನ ನೀವೊಬ್ಬರೇ."

ಡೆನಿಸ್ ಗೋಡೆಯ ಕೆಂಪು ಗುರುತಿನ ಕಡೆ ಮುಖ ತಿರುಗಿಸಿದ.

ಗ್ಲ್ಯಾಡಿಸ್ ತಾಯಿಯ ಕೈಯಿಂದ ತೆಂಗಿನ ನಾರು ತೆಗೆದು ಅವನ ಕೈಗಿಟ್ಟಳು. "ತಿಕ್ಕಿ."

"ಆಯಿಲ್ ಪೇಂಟ್ ಇದು, ಹೋಗುವುದಿಲ್ಲ."

"ಗೊತ್ತುಂಟು. ತಿಕ್ಕಿ."

ಜಗಲಿಯಲ್ಲಿ ಕೂತು, ಅವನ ಬೆರಳು ತರಚಿ ಹೋಗುವವರೆಗೆ ನೋಡಿದಳು. ಆಮೇಲೆ ನಿಶ್ಚಿತಾರ್ಥದ ಉಂಗುರ ಕಳಚಿ ಅದೇ ಕೊಳೆನೀರಿನ ಬಕೆಟ್ಟಿಗೆ ಹಾಕಿ, ತಾಯಿಯನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದಳು.