ಏಳು ಮೇಜುಗಳ ಒಪ್ಪಿಗೆ

ಒಬ್ಬರು ಮನಸ್ಸಿಗೆ ತೋಚಿದ್ದನ್ನು ಬರೆದು, ಒಂದು ಬಟನ್ ಒತ್ತಿದರೆ ಊರಿಗೆಲ್ಲ ಕಾಣಲಿ ಎಂದು ಯಾರೋ ಪುಣ್ಯಾತ್ಮರು ಮಾಡಿಟ್ಟ ಬ್ಲಾಗ್ ಸಾಫ್ಟ್‌ವೇರ್ ಅದು. ಬಿಟ್ಟಿ ಸಿಗುತ್ತದೆ ಎಂದ ಕೂಡಲೇ ಕಂಪನಿಯ ದೊಡ್ಡವರಿಗೆ ಅದರ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ನಾಲ್ಕು ಸಾವಿರ ನೌಕರರಿಗೆ ಅದನ್ನು ಹೊಂದಿಸಲು ಹೋಗಿ ಎರಡು ತಂಡಗಳು ಆಗಲೇ ಕೈಚೆಲ್ಲಿದ್ದವು. ಮೂರನೆಯ ಸರದಿ, ಈ ಒಂದು ಕೆಲಸಕ್ಕೆಂದೇ ಹೊರಗಿನಿಂದ ಬಂದ ಅವಳದು.

ಏಳು ಮೇಜುಗಳ, ಅಂದರೆ ಏಳು ವಿಭಾಗಗಳ, ಒಪ್ಪಿಗೆ ಸಿಗದೆ ಯಾವ ಬರಹವೂ ಹೊರಬರಕೂಡದು ಎಂಬುದು ಷರತ್ತು. ಅವಳು ಏಳನ್ನೂ ಸಾಫ್ಟ್‌ವೇರಿನಲ್ಲಿ ಕಟ್ಟಿದಳು. ಅದರ ಪರೀಕ್ಷೆಗೆಂದು ಬರಹ ಬರೆದುಕೊಡಲು ಬಂದವನು ಕಂಪನಿಯ ಸುದ್ದಿಪತ್ರಿಕೆಯ ಸಂಪಾದಕ. ಏನು ಬರೆಯಲಿ ಎಂದು ಕೇಳಿದ.

"ಏನಾದ್ರೂ ಬರೀರಿ. ಯಾರೂ ಓದಲ್ಲ" ಎಂದಳು, ಪರದೆಯಿಂದ ಕಣ್ಣೆತ್ತದೆ.

ಅವನು ನಕ್ಕ. ಆ ನಗುವಿಗೆ ಅವಳು ಕಣ್ಣೆತ್ತಿದಳು. ಇಳಿಸುವುದು ಸ್ವಲ್ಪ ತಡವಾಯಿತು.

ಅಂದಿನಿಂದ ದಿನಾ ಹನ್ನೊಂದಕ್ಕೆ ಬರುತ್ತಿದ್ದ. ಎದುರಿಗೆ ಕೂತು ಒಂದು ಬರಹ ಟೈಪು ಮಾಡಿ, ನಾಲ್ಕು ಮಾತಾಡಿ ಹೋಗುತ್ತಿದ್ದ. ಎಲ್ಲವೂ ನಾಲ್ಕನೆಯ ಮೇಜಿನಲ್ಲಿ ಸಿಕ್ಕಿಬೀಳುತ್ತಿದ್ದವು. ಅಲ್ಲಿ ಕಾನೂನು ವಿಭಾಗದ ಹಿರಿಯರಿದ್ದರು. ಕಂಪನಿಗೆಲ್ಲ ಅವರು ದೊಡ್ಡಪ್ಪ.

ಬರಹ ಎಲ್ಲಿಗೆ ಬಂತೆಂದು ಅವನು ವಿಚಾರಿಸಿದರೆ, ದೊಡ್ಡಪ್ಪನ ಹತ್ತಿರ ನಿದ್ದೆ ಹೊಡೆಯುತ್ತಿದೆ ಎಂದು ಅವಳು ಛೇಡಿಸುತ್ತಿದ್ದಳು. ಅವನ ಮುಖದಲ್ಲಿ ಬೇಸರದ ಬದಲು ನೆಮ್ಮದಿ ಕಂಡು ಅವಳಿಗೆ ಆಶ್ಚರ್ಯ. ಆದರೂ ಒಂದನ್ನೂ ತೆರೆದು ಓದಲಿಲ್ಲ. ಬಾಕಿ ಎಷ್ಟಿವೆ ಎಂದಷ್ಟೇ ಎಣಿಸುತ್ತಿದ್ದಳು.

ಕೆಲಸ ಕಲಿಸಿದ ಅಕ್ಕ ಫೋನಿನಲ್ಲಿ ಎಚ್ಚರಿಸಿದ್ದಳು: "ಸಾಫ್ಟ್‌ವೇರಿನ ಒಳಗೇ ಕೈ ಹಾಕ್ಬೇಡ ಕಣೆ. ಹೊಸ ಆವೃತ್ತಿ ಬಂದ ದಿನ ನೀನು ಬರೆದಿದ್ದೆಲ್ಲ ಅಳಿಸಿಹೋಗುತ್ತೆ." ಅವಸರದಲ್ಲಿ ಅವಳು ಒಳಗೇ ಕೈ ಹಾಕಿದ್ದಳು, ಆಮೇಲೆ ಸರಿಮಾಡಿದರಾಯಿತು ಎಂದುಕೊಂಡು.

ಒಂದು ಸೋಮವಾರ ಬೆಳಿಗ್ಗೆ ಹೊಸ ಆವೃತ್ತಿ ತಾನಾಗಿಯೇ ಬಂದು ಕೂತಿತು. ಏಳು ಮೇಜುಗಳೂ ಹೇಳಹೆಸರಿಲ್ಲದೆ ಹೋದವು. ತಡೆಯುವವರಿಲ್ಲದ ಸಾಫ್ಟ್‌ವೇರ್ ತನ್ನ ಹುಟ್ಟುಗುಣದಂತೆ ಮೂವತ್ತೊಂಬತ್ತು ಬರಹಗಳನ್ನೂ ನಾಲ್ಕು ಸಾವಿರ ಜನರ ಮುಂದೆ ಇಟ್ಟಿತು.

ಅವಳು ಮೊದಲನೆಯದನ್ನು ತೆರೆದಳು. 'ಮೂರನೆಯ ಮಹಡಿಯ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ. ಅದರ ಪಕ್ಕ ಕೂರುವವಳು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ. ಕುಡಿಯಲು ಮರೆಯುತ್ತಾಳೆ.' ಕೊನೆಯದು ಎರಡೇ ಸಾಲು. 'ಈ ಕೆಲಸ ಮುಗಿದರೆ ಅವಳು ಹೊರಟುಹೋಗುತ್ತಾಳೆ. ದೊಡ್ಡಪ್ಪ, ದಯವಿಟ್ಟು ಒಪ್ಪಿಗೆ ಕೊಡಬೇಡಿ.'

ಅವಳ ಕಿವಿ ಬಿಸಿಯಾಯಿತು. ಸಿಟ್ಟು ಬಂತು, ಅಳು ಬಂತು, ಎರಡನ್ನೂ ಮೀರಿ ಸಂತೋಷವಾಯಿತು.

ಮಧ್ಯಾಹ್ನದೊಳಗೆ ಮೇಲಿನಿಂದ ಆದೇಶ ಬಂತು: ಐದು ಗಂಟೆಗೆ ಎಲ್ಲ ಬಂದ್, ಅವಳ ಕೆಲಸವೂ ಅಲ್ಲಿಗೇ ಮುಗಿಯಿತು. ಅವಳು ಬ್ಯಾಗು ತುಂಬಿಕೊಳ್ಳುತ್ತಿರುವಾಗ ಅವನು ಬಾಗಿಲಲ್ಲಿ ನಿಂತಿದ್ದ. ಮುಖ ಬಿಳಿಚಿತ್ತು.

"ನಿಮ್ಮ ಕೆಲಸ ಹಾಳು ಮಾಡ್ದವನು ನಾನು."

"ಒಳಗೆ ಕೈ ಹಾಕಿದ್ದು ನಾನು. ನೀವು ಬರೀ ತಡ ಮಾಡ್ಸಿದ್ರಿ."

"ಯಾರೂ ಓದಲ್ಲ ಅಂದಿದ್ರಿ."

"ನಾನೇ ಮೊದಲು ಓದ್ಬೇಕಿತ್ತು" ಎಂದಳು. ಗಡಿಯಾರ ನೋಡಿದಳು. ಐದಕ್ಕೆ ಇನ್ನೂ ಏಳು ನಿಮಿಷ ಇತ್ತು. ಬ್ಯಾಗು ಕೆಳಗಿಟ್ಟು ಟೈಪು ಮಾಡಿ, ಪರದೆಯನ್ನು ಅವನತ್ತ ತಿರುಗಿಸಿದಳು.

'ನಲವತ್ತನೆಯ ಬರಹ. ಕಾಫಿ ಆರಿಹೋಗುವುದು ಕಿಟಕಿಯಿಂದಲ್ಲ. ಹನ್ನೊಂದಾಗುತ್ತಿದ್ದಂತೆ ನಾನು ಬಾಗಿಲು ನೋಡುತ್ತಾ ಕೂರುತ್ತೇನೆ. ಎಲ್ಲಿಗೆ ಹೋದರೂ ನೋಡುತ್ತೇನೆ. ಬನ್ನಿ.'

ಅವನು ಎರಡು ಸಲ ಓದಿದ. ಮೇಜಿನ ಮೇಲಿದ್ದ ಅವಳ ಕೈ ಹಿಡಿದುಕೊಂಡ. ಅವಳು ಇನ್ನೊಂದು ಕೈಯಿಂದ ಬಟನ್ ಒತ್ತಿದಳು. ಯಾರನ್ನೂ ಕೇಳಲಿಲ್ಲ.

ಐದು ಹೊಡೆಯುವ ಮೊದಲು ಆ ಬರಹದ ಕೆಳಗೆ ಒಂದೇ ಒಂದು ಪ್ರತಿಕ್ರಿಯೆ ಬಂದಿತ್ತು, ನಾಲ್ಕನೆಯ ಮೇಜಿನ ದೊಡ್ಡಪ್ಪನಿಂದ: 'ಇದಕ್ಕೆ ನನ್ನ ಒಪ್ಪಿಗೆ ಇದೆ.'