ಅತ್ತಿಗೆಯ ನಗು

"ನಗೇ! ಒಂದೇ ಒಂದು ಸಲ ನಕ್ಕುಬಿಟ್ರೆ ನಿನ್ನ ಗಂಟೇನು ಹೋಗುತ್ತೆ?" ಅತ್ತೆ ಸೊಸೆಯ ಭುಜ ಹಿಡಿದು ಅಲ್ಲಾಡಿಸಿದಳು. ನಡುಮನೆಯಲ್ಲಿ ಫೋಟೋಗ್ರಾಫರ್ ಕ್ಯಾಮೆರಾ ಹಿಡಿದು ಕಾಯುತ್ತಿದ್ದ. ಸೋಫಾದ ಮೇಲೆ ಸಿನಿಮಾ ನಿರ್ಮಾಪಕ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಅವನ ಪಕ್ಕದಲ್ಲಿ ಈ ಮನೆಯ ಕಿರಿಯ ಮಗ, ಈಗ ಊರಿಗೆಲ್ಲ ಬೇಕಾದ ಹಾಸ್ಯನಟ, ನೆಲ ನೋಡುತ್ತಿದ್ದ. ಅವನ ಅತ್ತಿಗೆ ತುಟಿ ಬಿಚ್ಚಲಿಲ್ಲ.

ಬಿಚ್ಚುವುದಾದರೂ ಹೇಗೆ! ಮಗಳು ಹುಟ್ಟಿದ ವರ್ಷ ಬಂದ ಕಾಯಿಲೆ ಅವಳ ಮುಖದ ಎಡಭಾಗವನ್ನು ಮರಗಟ್ಟಿಸಿಬಿಟ್ಟಿತ್ತು. ನಕ್ಕರೆ ಬಾಯಿ ಬಲಕ್ಕೆ ಎಳೆದುಕೊಳ್ಳುತ್ತಿತ್ತು. ಒಂದು ಕಣ್ಣು ಮುಚ್ಚಿದರೆ ಇನ್ನೊಂದು ತೆರೆದೇ ಉಳಿಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಕಾರ್ಖಾನೆಯಲ್ಲಿ ದುಡಿದು ಮೈದುನನನ್ನು ಸಾಕಿದವಳು ಅವಳೇ. ಅವನು ಕಟ್ಟಿದ ಪ್ರತಿಯೊಂದು ಜೋಕನ್ನೂ ಮೊದಲು ಅಡುಗೆಮನೆಯಲ್ಲಿ ಅವಳ ಮುಂದೆ ಹೇಳುತ್ತಿದ್ದ. ಅವಳು ಕೈಕೆಲಸ ಬಿಟ್ಟು ನಕ್ಕರೆ ಮಾತ್ರ ಅದು ವೇದಿಕೆ ಹತ್ತುತ್ತಿತ್ತು. ಇಡೀ ಪ್ರಪಂಚದಲ್ಲಿ ಅವಳು ಬಾಯಿಗೆ ಕೈ ಅಡ್ಡ ಹಿಡಿಯದೆ ನಗುತ್ತಿದ್ದುದು ಅವನೊಬ್ಬನ ಎದುರು.

ಆ ನಗುವನ್ನೇ ಕದ್ದನಲ್ಲ, ಪುಣ್ಯಾತ್ಮ! ಸಿನಿಮಾಕ್ಕೆ ನಟರ ಆಯ್ಕೆ ನಡೆದ ದಿನ ಅವನ ಯಾವ ಜೋಕಿಗೂ ನಿರ್ಮಾಪಕ ನಗಲಿಲ್ಲ. "ಏನಾದ್ರೂ ಹೊಸದು ಮಾಡಯ್ಯಾ" ಎಂದಾಗ, ಬೆವೆತುಹೋಗಿದ್ದವನು ಬಾಯಿ ಬಲಕ್ಕೆಳೆದು ಅತ್ತಿಗೆಯಂತೆ ನಕ್ಕ. ನಿರ್ಮಾಪಕ ಹೊಟ್ಟೆ ಹಿಡಿದುಕೊಂಡ. ಅತ್ತಿಗೆಗೆ ಅವನು ಈ ವಿಷಯ ಬಾಯಿಬಿಡಲೇ ಇಲ್ಲ. ಅವಳು ಹೆಮ್ಮೆಯಿಂದ ಮಗಳನ್ನು ಕರೆದುಕೊಂಡು ಥಿಯೇಟರಿಗೆ ಹೋಗಿ, ಗೋಡೆಯಗಲದ ಪರದೆಯ ಮೇಲೆ ತನ್ನದೇ ಬಾಯಿಯನ್ನು ಕಂಡಳು. ಸುತ್ತ ಜನ ಬಿದ್ದು ಬಿದ್ದು ನಗುತ್ತಿದ್ದರು... ಮಗಳು ಅಮ್ಮನ ಮುಖ ನೋಡಿ ಬಿಕ್ಕಿದಳು. ತಿಂಗಳೊಳಗೆ ಬೀದಿಯ ಮಕ್ಕಳೆಲ್ಲ ಆ ನಗು ಕಲಿತರು. ಕಾರ್ಖಾನೆಯಲ್ಲಿ ಪಕ್ಕದ ಮಿಷನ್ನಿನವಳೂ ಕಲಿತಳು.

ಈಗ ಎರಡನೇ ಸಿನಿಮಾ. ಆ ನಗು ಯಾರದೆಂಬುದು ನಿರ್ಮಾಪಕನ ಕಿವಿಗೂ ಬಿದ್ದಿತ್ತು. ಅತ್ತಿಗೆ ಮೈದುನ ಇಬ್ಬರನ್ನೂ ಒಟ್ಟಿಗೆ ನಗಿಸಿ, ಫೋಟೋ ತೆಗೆದು ಪೋಸ್ಟರಿಗೆ ಹಾಕಬೇಕಂತೆ! ನಾಚಿಕೆಗೂ ಒಂದು ಮಿತಿ ಬೇಡವೇ?

"ನಿನ್ನ ಸೊಟ್ಟ ಮೋರೆಗೆ ಇಷ್ಟಾದ್ರೂ ಬೆಲೆ ಬಂತಲ್ಲ ಅಂತ ಸಂತೋಷಪಡೇ!" ಅತ್ತೆ ಸಿಡುಕಿದಳು.

ಅತ್ತಿಗೆ ಮೈದುನನ ಕಡೆ ತಿರುಗಿದಳು. "ನೀನೇ ಹೇಳಪ್ಪಾ. ನಗಲಾ?"

"ಅತ್ತಿಗೆ... ಅದು... ಸುಮ್ನೆ ತಮಾಷೆಗೆ..."

"ತಮಾಷೆ! ಇಷ್ಟು ವರ್ಷ ನೀನು ನನ್ನ ನಗಿಸ್ತಿದ್ದೀಯ ಅಂದ್ಕೊಂಡಿದ್ದೆ ಕಣೋ. ನನ್ನ ನೋಡಿ ಕಲೀತಿದ್ದೀಯ ಅಂತ ಗೊತ್ತಿರಲಿಲ್ಲ."

"ಇಲ್ಲ ಅತ್ತಿಗೆ! ನಿಮ್ಮಾಣೆಗೂ ಇಲ್ಲ!"

"ಡಾಕ್ಟ್ರ ಮುಂದೆ ಕೂಡ ಬಾಯಿ ಮುಚ್ಕೊಂಡು ಕೂತವಳು ನಾನು. ನಿನ್ನೊಬ್ಬನ ಮುಂದೆ ಬಿಚ್ಚಿ ನಕ್ಕೆ... ಮಗನ ಹಾಗೆ ಅಂತ."

ಅವನು ದಡಕ್ಕನೆ ಎದ್ದ. ಕಣ್ಣು ತುಂಬಿತ್ತು. "ಫೋಟೋ ಬೇಡ ಸಾರ್. ಇನ್ಮೇಲೆ ಆ ನಗು ನಾನು ನಗಲ್ಲ."

"ತಲೆ ಕೆಟ್ಟಿದೆಯಾ? ಅದಿಲ್ದೆ ನಿನ್ನ ಮುಖ ಯಾರಯ್ಯಾ ನೋಡ್ತಾರೆ?"

"ನೋಡದಿದ್ರೆ ಬೇಡ."

"ಆಯ್ತು ಬಿಡು. ಅದನ್ನ ಈಗ ಎಲ್ಲರೂ ನಗ್ತಾರೆ. ಇನ್ನೊಬ್ಬನ್ನ ಹಾಕ್ಕೋತೀನಿ!" ನಿರ್ಮಾಪಕ ಫೋಟೋಗ್ರಾಫರನನ್ನು ಕರೆದುಕೊಂಡು ಹೊರಟೇಹೋದ.

ಹೇಳಿದಂತೆಯೇ ಮಾಡಿದ. ಎರಡನೇ ಸಿನಿಮಾದಲ್ಲಿ ಬೇರೆ ಯಾರೋ ಅದೇ ನಗು ನಕ್ಕ, ಅದೂ ಓಡಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವಳು ಇನ್ನೊಬ್ಬಳು! ಮೈದುನ ಹಳೆಯ ಪುಟ್ಟ ವೇದಿಕೆಗೆ ಮರಳಿದ. "ಬಂದ ಭಾಗ್ಯಾನ ಕಾಲಲ್ಲಿ ಒದ್ದಳು ಮನೆಹಾಳಿ" ಎಂದು ಅತ್ತೆ ಬೈದದ್ದು ಅವನನ್ನಲ್ಲ, ಸೊಸೆಯನ್ನು.

ಎಷ್ಟೋ ದಿನಗಳ ಮೇಲೆ ಒಂದು ಸಂಜೆ ಅವನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಅವಳು ಪಾತ್ರೆ ತೊಳೆಯುತ್ತಿದ್ದಳು.

"ಅತ್ತಿಗೆ, ಒಂದು ಹೊಸದು. ಒಬ್ಬ ನಟ ಸಿನಿಮಾ ಬಿಟ್ಟುಬಿಟ್ನಂತೆ."

"ಹ್ಞೂಂ?"

"ಸಿನಿಮಾಗೆ ಗೊತ್ತೇ ಆಗ್ಲಿಲ್ವಂತೆ!"

ತಡೆಯಲಾರದೆ ಅತ್ತಿಗೆ ನಕ್ಕುಬಿಟ್ಟಳು. ಅವನಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ನೋಡಿದ... ಸೋಪಿನ ನೊರೆ ತುಂಬಿದ ಅವಳ ಕೈ ಬಾಯಿಗೆ ಅಡ್ಡವಾಗಿತ್ತು.

"ನಾನೇ ಅಲ್ವಾ ಅತ್ತಿಗೆ... ಕೈ ತೆಗೀರಿ," ಎಂದ.

"ಅದು ತಾನಾಗೇ ಬರುತ್ತೆ ಕಣೋ. ಏನು ಮಾಡ್ಲಿ!" ಎಂದು ಅವಳು ಗೋಡೆಯ ಕಡೆ ತಿರುಗಿದಳು. "ಜೋಕ್ ಚೆನ್ನಾಗಿದೆ. ನಾಳೆ ವೇದಿಕೆ ಮೇಲೆ ಹೇಳು."